ಹೊಸ್ತಿಲಲ್ಲಿ ನಿಂತ ಒಡಪು

ಮೊನ್ನೆ ಬೆಳಗಾವಿಯ ವಡಗಾವಿಯಲ್ಲಿ, ನಮ್ಮ ಓಣಿಯ ತಿರುವಿನಲ್ಲಿ ಒಂದು ಬಿಳಿ ಕುದುರೆ ನನ್ನ ಬೈಕಿಗೆ ಅಡ್ಡ ನಿಂತಿತು. ಅದರ ಮೇಲೆ ಮದುಮಗ, ಮುಂದೆ ಬ್ಯಾಂಡು, ಹಿಂದೆ ನೂಲಿನ ಗಂಟು ಹೇರಿಕೊಂಡು ಹಾರ್ನು ಒತ್ತುತ್ತಿದ್ದ ಟೆಂಪೊ. ಈ ಕುದುರೆ ನನಗೆ ಹಳೆಯ ಪರಿಚಯ. ಊರಿನ ಅರ್ಧ ಮದುವೆಗಳಿಗೆ ಇದೇ ಬರುತ್ತದೆ. ನಮ್ಮ ಎಷ್ಟೋ ನೆಂಟರಿಗಿಂತ ಇದರ ಮುಖವನ್ನೇ ನಾನು ಹೆಚ್ಚು ಸಲ ನೋಡಿದ್ದೇನೆ. ಬ್ಯಾಂಡಿನವರು ಬಡಿದಷ್ಟೂ ಅದಕ್ಕೆ ನಿದ್ದೆ. ಎಚ್ಚರವಾದಾಗ ಪಕ್ಕದಲ್ಲಿ ನಡೆಯುವ ಬೀಗರ ಕೊರಳ ಹಾರಕ್ಕೆ ಬಾಯಿ ಹಾಕುತ್ತದೆ. ಮದುಮಗನಂತೂ ಕಾಲು ಮುರಿದ ಕುರ್ಚಿಯ ಮೇಲೆ ಕೂತವನ ಹಾಗೆ, ಯಾವ ಕಡೆ ಬೀಳುವುದು ಮರ್ಯಾದೆ ಎಂದು ಲೆಕ್ಕ ಹಾಕುತ್ತಿದ್ದ.

ಟೆಂಪೊದವನ ತಾಳ್ಮೆ ಮುಗಿಯಿತು. ಕತ್ತು ಹೊರಗೆ ಹಾಕಿ ಕೂಗಿದ:

"ಓ ರಾಜಾ, ಇಳದು ನಡಕೋತ ಹೋಗೋ! ಕಲ್ಯಾಣಮಂಟಪ ಇಲ್ಲೇ ಬಾಜೂಕ ಐತಿ!"

ನಾನು ನಕ್ಕಿದ್ದು ಟೆಂಪೊದವನಿಗಾಗಿ ಅಲ್ಲ. ಅವನು ಹೇಳಿದ ಮಾತನ್ನೇ ನಮ್ಮ ಅಕ್ಕ ಎಂದೋ ರಾಗ ಹಾಕಿ ಹಾಡಿದ್ದಳು.

ನನ್ನ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ನಡುನಡುವೆ ತಲೆ ಹಾಕುತ್ತಲೇ ಇರುತ್ತೇನೆ. ನನಗೆ ಸ್ವಂತ ಧ್ವನಿ ಎಂಬುದು ಇಲ್ಲ. ಬೇರೆಯವರ ಧ್ವನಿ ಮಾತ್ರ ಭರಪೂರ ಇದೆ. ಸೀಟು ಖಾಲಿ ಇಲ್ಲದ ಬಸ್ಸಿನ ಕಂಡಕ್ಟರ್, ಭಾಷಣದ ನಡುವೆ ಚೀಟಿ ಕಳೆದುಕೊಂಡ ಪುಢಾರಿ, ಕನ್ನಡದಲ್ಲಿ ಚೌಕಾಸಿ ಶುರು ಮಾಡಿ ಸಿಟ್ಟು ಬಂದಾಗ ಮರಾಠಿಗೆ ಜಿಗಿಯುವ ಖಾನಾಪುರದ ಕಾಕಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಮದುವೆ, ಸೀಮಂತ, ಗಣಪತಿ ಹಬ್ಬಗಳಲ್ಲಿ ಹಾಡುವ ಒಂದು ಆರ್ಕೆಸ್ಟ್ರಾದಲ್ಲಿ ಹಾಡು ಹಾಡಿನ ನಡುವೆ ಮಿಮಿಕ್ರಿ ಮಾಡುವುದು, ಮುಂದಿನ ಹಾಡುಗಾರರ ಹೆಸರು ಕೂಗುವುದು ನನ್ನ ಕೆಲಸ. ಗಾಯಕಿ ನೀರು ಕುಡಿದು ಬರುವತನಕ ಜನ ಎದ್ದು ಹೋಗದಂತೆ ನೋಡಿಕೊಳ್ಳುವವನು ಎಂದರೂ ನಡೆದೀತು.

ಆ ಗಾಯಕಿ ಕಸ್ತೂರಿ, ನನ್ನ ಸ್ವಂತ ಅಕ್ಕ.

ನಾವಿಬ್ಬರೂ ಬೆಳೆದದ್ದು ಮಗ್ಗದ ಸದ್ದಿನಲ್ಲಿ. ಅಪ್ಪನ ರಾಜ್ಯ ಎಂದರೆ ಎರಡು ಪವರ್‌ಲೂಮು, ಒಂದು ತಗಡಿನ ಪತ್ರಾಸಿನ ಸೂರು. ಮಗ್ಗ ಓಡುವಾಗ ಮನೆಯಲ್ಲಿ ಪಿಸುಮಾತು ಎಂಬುದೇ ಸಾಧ್ಯವಿರಲಿಲ್ಲ; ಅವ್ವ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದಳು, ಹಾಗಾಗಿ ನಮ್ಮ ಮನೆಯ ಗುಟ್ಟುಗಳೆಲ್ಲ ಕರೆಂಟು ಹೋದ ಕ್ಷಣಕ್ಕೆ ಓಣಿಯ ಆಸ್ತಿಯಾಗುತ್ತಿದ್ದವು. ಅಕ್ಕನ ಗಂಟಲು ಮಗ್ಗದ ಜೊತೆ ಜಗಳವಾಡಿಯೇ ತಯಾರಾದದ್ದು. ನನ್ನ ಗಂಟಲು ಜಗಳದ ಗೋಜಿಗೆ ಹೋಗದೆ ಮಗ್ಗದ ಸದ್ದನ್ನೇ ಕಲಿತುಕೊಂಡಿತು.

ಶಾಲೆ ಬಿಟ್ಟ ಮೇಲೆ ನಮ್ಮದೊಂದು ಆಟವಿತ್ತು. ರಾಜಕುಮಾರ ನಾನು, ಯಾಕೆಂದರೆ ಅಪ್ಪನ ಟವೆಲ್ಲು ನನ್ನ ತಲೆಗೆ ರುಮಾಲಾಗಿ ಸರಿಯಾಗಿ ಕೂಡುತ್ತಿತ್ತು. ಅಕ್ಕ ರಾಜಕುಮಾರಿ. ನೂಲಿನ ಗಂಟುಗಳ ರಾಶಿಯೇ ಅವಳ ಗೋಪುರ. ಅವಳು ಅದರ ಮೇಲೆ ಕೂತು ಕಾಯಬೇಕು. ನಾನು ಕಸಬರಿಗೆಯ ಕುದುರೆ ಏರಿ ಓಣಿಯನ್ನೆಲ್ಲ ಸುತ್ತಿ ಬಂದು ಬಿಡಿಸಬೇಕು. ಓಣಿಯಲ್ಲಿ ಗೋಲಿ ಆಡುವವರು ಸಿಕ್ಕರೆ ನನ್ನ ಕುದುರೆ ಅಲ್ಲೇ ನಿಲ್ಲುತ್ತಿತ್ತು. ವಾಪಸು ಬಂದು ನೋಡಿದರೆ ರಾಜಕುಮಾರಿ ತಾನೇ ಇಳಿದು, ಅಡುಗೆಮನೆಯಲ್ಲಿ ಕೂತು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿರುತ್ತಿದ್ದಳು.

"ಲೇ, ನೀ ಇಳೀಬಾರದು! ನಾ ಬಂದು ಬಿಡಸಬೇಕು!" ಎಂದು ನಾನು ಅಳುತ್ತಿದ್ದೆ.

"ನೀ ಬರೂ ಮಟ ಕುಂತರ ರೊಟ್ಟಿ ಆರತಾವ. ಬಾ, ತಿನ್ನು."

ಇಂಥವಳಿಗೆ ಹಾಡು ಬರೆದುಕೊಡುವ ಹುಚ್ಚು ನನಗೆ ಹತ್ತಿದ್ದು ದೊಡ್ಡವರಾದ ಮೇಲೆ. ಆರ್ಕೆಸ್ಟ್ರಾಕ್ಕೆ ನಮ್ಮದೇ ಒಂದು ಹಾಡಿರಲಿ ಎಂದು ಎಲ್ಲರಿಗೂ ಆಸೆ. ನಾನು ಎರಡು ದಿನ ಗಡ್ಡ ಬಿಟ್ಟುಕೊಂಡು, ಚಹಾದ ಮೇಲೆ ಚಹಾ ಕುಡಿದು ಬರೆದೆ:

ಬೆಳ್ಳಿ ಕುದುರೆ ಏರಿ ಬಾರೋ ನನ್ನ ರಾಜಕುಮಾರ,
ನೀನು ಬರದೆ ನನ್ನ ಬಾಳು ಬರಿಯ ಅಂಧಕಾರ...

ಅಕ್ಕ ಓದಿದಳು. ಇನ್ನೊಮ್ಮೆ ಓದಿದಳು. ನನ್ನ ಎದೆ ಉಬ್ಬಿತು.

"ಅಂಧಕಾರ ಯಾಕ? ಈಕಿ ಲೈಟ್ ಬಿಲ್ ಕಟ್ಟಿಲ್ಲೇನು?"

"ಅಕ್ಕಾ, ಅದು ವಿರಹ!"

"ವಿರಹ ಅಂದ್ರ ತನ್ನ ಕೆಲಸಾ ಬೊಗಸಿ ಎಲ್ಲಾ ಬಿಟ್ಟು ಕಿಟಕಿ ಹಿಡಕೊಂಡ ನಿಂದರೂದು? ಮತ್ತ ಅವಗ ಕುದುರಿ ಯಾಕ ಬೇಕು? ಬಸ್ಸಿಗೆ ಬರಾಕ ಬರೂದಿಲ್ಲ?"

"ಎಲ್ಲಾ ಹಾಡಿನಾಗೂ ಹಿಂಗ ಇರತೈತಿ."

"ಅದಕ್ಕ ಎಲ್ಲಾ ಹಾಡೂ ಹಾಡುವಾಗ ನನಗ ಆಕಳಿಕಿ ಬರತಾವ. ಜನ ಅದನ್ನ ಆಲಾಪ ಅಂತ ತಿಳಕೋತಾರ."

ಪೆನ್ನು ಕಸಿದುಕೊಂಡು ನನ್ನ ಸಾಲುಗಳನ್ನು ಕಾಟು ಹಾಕಿದಳು. ರಾಗ ಹಾಗೆಯೇ ಇಟ್ಟಳು, ಅಷ್ಟು ಕರುಣೆ ತೋರಿಸಿದಳು. ಹೊಸ ಸಾಲುಗಳು ಹೀಗಿದ್ದವು:

ಕುದುರಿ ಬಿಟ್ಟು ನಡದು ಬಾರೋ, ಹಾದಿ ನನಗೂ ಐತಿ,
ಕಿರೀಟ ತಗದು ಮಾತಾಡು ಬಾ, ಹೆಸರು ನನಗೂ ಐತಿ.

ಮೊದಲ ಸಲ ಇದನ್ನು ಹಾಡಿದ್ದು ಸದಾಶಿವನಗರದ ಒಂದು ಮದುವೆಯ ಹಿಂದಿನ ಸಂಜೆ. ಚೂಡಿದಾರದ ಹುಡುಗಿಯರು ಕುರ್ಚಿ ಬಿಟ್ಟು ಎದ್ದರು, ಒಂದಿಬ್ಬರು ಸೀಟಿ ಹೊಡೆದರು. ಮರುದಿನಕ್ಕೆ ಕುದುರೆ ಹೇಳಿಟ್ಟಿದ್ದ ಮದುಮಗನ ಕಾಕಾ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಹಾಡ ಚೊಲೋ ಐತ್ರಿ, ಆದ್ರ ನಾಳಿ ವರಾತ ಮೆರವಣಿಗ್ಯಾಗ ಇದನ್ನ ಬಾರಸಬ್ಯಾಡ್ರಿ, ಹುಡುಗ ಇಳದಗಿಳದಾನು" ಎಂದು ಕೈ ಮುಗಿದರು.

ಈಗ ನಿಮಗೆ ಒಡಪಿನ ಕಥೆ ಹೇಳಬೇಕು. ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಪದ್ಯದ ಬಾಲಕ್ಕೆ ಹೆಸರು ಕಟ್ಟಿ ಹೇಳಬೇಕು. ಅದೇ ಒಡಪು. ಗಂಡನ ಮನೆಯ ಹೊಸ್ತಿಲಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ. ಹಿಂದಿನವರು ಹತ್ತಾರು ಒಡಪು ಬಾಯಲ್ಲಿಟ್ಟುಕೊಂಡೇ ಬರುತ್ತಿದ್ದರು. ಈಗಿನ ಹುಡುಗಿಯರು ನನಗೆ ವಾಟ್ಸಾಪ್ ಮಾಡುತ್ತಾರೆ: "ಅಣ್ಣಾ, ಹುಡುಗನ ಹೆಸರು ವಿನಾಯಕ. ಒಂದು ಬರೆದುಕೊಡು, ಚಂದಿರ ಇರಲಿ." ನನ್ನ ಹತ್ತಿರ ಚಂದಿರ, ಗುಲಾಬಿ, ಅರಮನೆ, ಮುತ್ತಿನ ಪಲ್ಲಕ್ಕಿ ಎಲ್ಲ ತಯಾರಿರುತ್ತಿದ್ದವು. ಹೆಸರು ಮಾತ್ರ ಬದಲು. ಬೆಳಗಾವಿಯ ಹೊಸ್ತಿಲು ಹೊಸ್ತಿಲಲ್ಲೂ ನನ್ನ ಒಂದೇ ಚಂದಿರ ಉದಯಿಸುತ್ತಿದ್ದ.

ಅಕ್ಕನ ಮದುವೆ ಗೊತ್ತಾದದ್ದು ಖಾನಾಪುರ ತಾಲ್ಲೂಕಿನ ಪಾರಿಶ್ವಾಡಕ್ಕೆ. ಹುಡುಗ ಶಿವಾನಂದ. ಹೊಲವಿದೆ, ಟ್ರ್ಯಾಕ್ಟರ್ ರಿಪೇರಿಯ ಅಂಗಡಿಯೂ ಇದೆ. ಒಳ್ಳೆಯ ಮನುಷ್ಯ. ಮಾತು ಕಡಿಮೆ, ಮಿಮಿಕ್ರಿ ಮಾಡುವವನಿಗೆ ಇಂಥವರು ಬಹಳ ತ್ರಾಸು, ಹಿಡಿಯಲು ಏನೂ ಸಿಗುವುದಿಲ್ಲ. ಅಕ್ಕ ಹಾಡುವುದಕ್ಕೆ ಆ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಎಲ್ಲವೂ ಸರಾಗ ನಡೆದಿತ್ತು. ನಿಶ್ಚಿತಾರ್ಥಕ್ಕೆ ಬೀಗರು ಸೀರೆ ಉಡಿಸಲು ಬಂದ ದಿನ, ಊಟದ ನಡುವೆ, ಅವಳ ಅತ್ತೆಯಾಗುವವರು ಬಹಳ ಸಹಜವಾಗಿ ಒಂದು ಮಾತು ಹೇಳಿದರು:

"ಸೊಸೀಗಿ ಹೆಸರ ಏನ್ ಇಡೂದಂತ ನಿಕ್ಕಿ ಆತ್ರಿ. ರಾಜಕುಮಾರಿ."

ನನ್ನ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು.

ಸೊಸೆಗೆ ಹೊಸ ಹೆಸರಿಡುವುದು ನಮ್ಮ ಕಡೆ ಹಲವು ಮನೆಗಳಲ್ಲಿ ಉಂಟು. ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರ ಮೇಲೆ ಹೆಸರು ಬರೆಯುತ್ತಾನೆ; ಅಲ್ಲಿಂದ ಮುಂದೆ ಅವಳು ಅದೇ. ಇವರ ಮನೆಯಲ್ಲಿ ಇನ್ನೂ ಒಂದು ಹೆಚ್ಚಿನ ಶಿಸ್ತು: ಎಲ್ಲ ಸೊಸೆಯರೂ 'ರಾಜ'ದಿಂದಲೇ ಶುರುವಾಗಬೇಕು. ಅತ್ತೆ ರಾಜೇಶ್ವರಿ. ಹಿರಿಯ ಸೊಸೆ ರಾಜಲಕ್ಷ್ಮಿ. ಈಗ ರಾಜಕುಮಾರಿ. ಇನ್ನೊಬ್ಬ ಮಗನಿದ್ದಿದ್ದರೆ ಸರದಿ ರಾಜಧಾನಿಗೇ ಬರುತ್ತಿತ್ತು ಎಂದು ನಾನು ಅಂದಾಗ ಅವ್ವ ಸೌಟು ಎತ್ತಿದಳು.

ಬೀಗರು ಹೋದ ಮೇಲೆ ಅಕ್ಕ ಮಗ್ಗದ ಮನೆಗೆ ಹೋಗಿ ಕೂತಳು. ನಾನು ಹಿಂದೆ ಹೋದೆ.

"ಈಗ ಯಾರು ಖರೇ ಹೆಸರ ಹಿಡದು ಕರೀತಾರ ಬಿಡಕ್ಕಾ. ಆಧಾರ ಕಾರ್ಡಿನಾಗ ಕಸ್ತೂರಿನ ಇಟ್ಟಕೋ. ಮನ್ಯಾಗ ಏನರ ಕರಕೊಳ್ಳಲಿ."

"ಮನಿ ಅಂದ್ರನ ದಿನಾ ಪೂರ್ತಿ ಅಲ್ಲೇನೋ? ಮುಂಜಾನಿ ಎದ್ದ ಕೂಡಲೆ ಯಾರೋ ರಾಜಕುಮಾರಿ ಅಂತ ಕೂಗತಾರ. ನಾ ಹೊಳ್ಳಿ ನೋಡಬೇಕು. ವರ್ಷಾ ಎರಡ ವರ್ಷಾ ನೋಡಿದ್ರ ಮುಗೀತು, ಕಸ್ತೂರಿ ಅಂದ್ರ ನಾನಽ ಹೊಳ್ಳಿ ನೋಡೂದಿಲ್ಲ." ನೂಲಿನ ಗಂಟೊಂದನ್ನು ಕಾಲಿನಿಂದ ಆಚೆ ತಳ್ಳಿದಳು. "ಮತ್ತ ಆ ರಾಜಕುಮಾರಿ ಹಾಡೋಕಿ ಅಲ್ಲ. ನಿನ್ನ ಹಾಡಿನಾಗ ಆಕಿ ಬರೇ ಕಾಯತಾಳ."

ಶಿವಾನಂದ ಅವರಿಗೂ ಫೋನಿನಲ್ಲಿ ಹೇಳಿದಳು. ಅವರು, "ನನಗ ಕಸ್ತೂರಿನ ಚೊಲೋ ಅನಸತೈತಿ. ಆದ್ರ ಅವ್ವನ ಮುಂದ ಹೆಂಗ ಹೇಳೂದು, ಪದ್ಧತಿ ಐತಿ" ಅಂದರಂತೆ. ಅಪ್ಪ, "ಹೆಸರಿನ ಸಲುವಾಗಿ ಬೀಗರ ಜೋಡಿ ಸೋಯರಿಕಿ ಕೆಡಿಸೂದ ಬ್ಯಾಡವಾ" ಅಂದ. ಅವ್ವ ಪಾತ್ರೆ ತಿಕ್ಕಿದಳು. ಮಗ್ಗ ನಿಂತ ಮೇಲೂ ತಿಕ್ಕುತ್ತಲೇ ಇದ್ದಳು. ನಾನು ಒಂದು ಒಡಪು ಬರೆದು ಅಕ್ಕನ ಕೈಗಿಟ್ಟೆ: 'ಆಕಾಶದಾಗ ಚಂದಿರ ಚಂದ, ಅರಮನಿಯ ದ್ವಾರ ಚಂದ, ನನ್ನ ಬಾಳಿನ ದೊರಿ ಶಿವಾನಂದ.' ನನ್ನ ಕೃತಿಗಳಲ್ಲಿಯೇ ಇದು ಶ್ರೇಷ್ಠ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವಳು ಅದನ್ನು ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ಮಾತ್ರ ಗಟ್ಟಿಯಾಗಿ ನಿಂತಿತು.

ಮದುವೆ ಬೆಳಗಾವಿಯಲ್ಲಿ ಮುಗಿದು, ಮರುದಿನ ಮಧ್ಯಾಹ್ನ ದಿಬ್ಬಣ ಪಾರಿಶ್ವಾಡಕ್ಕೆ ಹೋಯಿತು. ಅಂಗಳದಲ್ಲಿ ಶಾಮಿಯಾನ, ಒಂದು ಮೂಲೆಯಲ್ಲಿ ನಮ್ಮ ಆರ್ಕೆಸ್ಟ್ರಾದವರೇ ತಂದ ಸ್ಪೀಕರು ಮೈಕು, ಇನ್ನೊಂದು ಮೂಲೆಯಲ್ಲಿ ಹುಗ್ಗಿಯ ದೊಡ್ಡ ಪಾತ್ರೆ. ಸೊಸೆ ಒಳಗೆ ಕಾಲಿಡದೆ ಪಂಕ್ತಿ ಕೂಡುವಂತಿಲ್ಲ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಅದರಾಚೆ, ಪಡಸಾಲೆಯ ಮಣೆಯ ಮೇಲೆ, ಅಕ್ಕಿ ಹರಡಿದ ತಟ್ಟೆ ಹೊರಗಿನಿಂದಲೇ ಕಾಣುತ್ತಿತ್ತು. ಬಾಗಿಲು ತುಂಬ ಹೆಂಗಸರು, ಮುಂದೆ ಆರತಿ ಹಿಡಿದ ಅತ್ತೆ.

"ಹೆಸರ ಹೇಳವಾ, ಅಂದ್ರ ಒಳಗ ಬಿಡತೀವಿ!" ಎಂದು ಹಿರಿಯ ಸೊಸೆ ರಾಜಲಕ್ಷ್ಮಿ ಚೌಕಟ್ಟಿಗೆ ಕೈ ಅಡ್ಡ ಇಟ್ಟರು.

ಅಕ್ಕ ತಲೆ ಎತ್ತಿ, ಮೈಕಿನ ಮುಂದೆ ನಿಂತಾಗ ನಿಲ್ಲುವ ಹಾಗೆಯೇ ನಿಂತು, ನಿಧಾನವಾಗಿ ಶುರು ಮಾಡಿದಳು:

"ಕಣಕುಂಬಿಯಾಗ ಹುಟ್ಟಿದಾಕಿ ಮಲಪ್ರಭಾ ಹೊಳಿ,
ಖಾನಾಪುರ ದಾಟಿ ಬಂದರೂ ಆಕಿ ಮಲಪ್ರಭಾನ ತಿಳಿ;
ನನ್ನ ಹೆಸರ ಜೋಡಿ ತಂದು ನಿಂತೀನಿ ನಿಮ್ಮ ಹೊಸ್ತಿಲ ಮುಂದ,
ಕಸ್ತೂರಿ ಅಂತ ಕರೀರಿ ನೀವು, ಹೇಳತೀನಿ ನಾ..."

ಅಲ್ಲಿಗೆ ನಿಲ್ಲಿಸಿದಳು.

ಮುಂದಿನ ಶಬ್ದ ಯಾವುದೆಂದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಆದರೆ ಗೊತ್ತಿದ್ದರೆ ಆಗಲಿಲ್ಲ, ಅವಳೇ ಹೇಳಬೇಕು. ಎಲ್ಲರೂ ಬಾಯಿ ತೆರೆದು ಕಾದರು. ಅವಳು ಮರೆತಿದ್ದಾಳೆಂದು ತಿಳಿದು ನಾನು ಹಿಂದಿನಿಂದ "ಶಿವಾನಂದ, ಶಿವಾನಂದ" ಎಂದು ಪಿಸುಗುಟ್ಟಿದೆ. ಅವಳು ಹಿಂದೆ ನೋಡದೆ ನನ್ನ ಕಾಲು ತುಳಿದಳು.

"ಯಾಕ ನಿಂತಿ? ಮುಂದಿಂದು ಹೇಳವಾ" ಎಂದರು ರಾಜಲಕ್ಷ್ಮಿ.

"ಅರ್ಧಾ ನಾ ಹೇಳೀನ್ರಿ ಅಕ್ಕಾರ. ನೀವು ನನ್ನ ಹೆಸರ ಹೇಳ್ರಿ, ನಾ ಅವರ ಹೆಸರ ಹೇಳತೀನಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಶಾಮಿಯಾನದ ಕಂಬ ಹಿಡಿದುಕೊಂಡ. ಅವ್ವ ಮೆಲ್ಲಗೆ ಹೋಗಿ ಅಕ್ಕನ ಬೆನ್ನ ಹಿಂದೆ ನಿಂತಳು, ಅಷ್ಟೇ. ಪಂಕ್ತಿಯ ಕಡೆಯಿಂದ ಒಬ್ಬ ಹಿರಿಯರು, "ಯಾವ ಹೆಸರರ ಇರವಲ್ಲದ್ಯಾಕ, ಹುಗ್ಗಿ ಆರಾಕತ್ತೈತ್ರೆಪಾ!" ಎಂದರು.

ಶಿವಾನಂದ ಅಕ್ಕನ ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡು ನಿಂತಿದ್ದರು. ಕಡೆಗೆ ಇಡೀ ಅಂಗಳಕ್ಕೆ ಕೇಳುವಂತೆ, "ಕಸ್ತೂರಿ" ಎಂದರು. ರಾಜಕುಮಾರ ಬಂದೇ ಬಿಟ್ಟನಲ್ಲ, ಗೋಪುರದಿಂದ ಬಿಡಿಸಿಯೇ ಬಿಟ್ಟನಲ್ಲ ಎಂದು ನಾನು ಚಪ್ಪಾಳೆಗೆ ಕೈ ಎತ್ತಿದೆ.

ಅಕ್ಕ ಅವರ ಕಡೆ ನೋಡಿ ನಕ್ಕಳು. "ನೀವು ಫೋನಿನಾಗ ದಿನಾ ಅಂತೀರಿ. ನಾ ಕೇಳಿದ್ದು ಒಳಗ ಇದ್ದವರಿಗೆ."

ಚಪ್ಪಾಳೆಯ ಕೈಯನ್ನು ನಾನು ತಲೆ ಕೆರೆದುಕೊಳ್ಳಲು ಬಳಸಿದೆ.

ಈಗ ಎಲ್ಲರೂ ಅತ್ತೆಯ ಕಡೆ ನೋಡಿದರು. ಅವರ ಕೈಯ ಆರತಿಯ ದೀಪ ಗಾಳಿಗೆ ಬಾಗುತ್ತಿತ್ತು. ಅದಕ್ಕೆ ಅಂಗೈ ಅಡ್ಡ ಹಿಡಿದು ಕೇಳಿದರು:

"ರಾಜಕುಮಾರಿ ಅಂದ್ರ ಏನ್ ಕೆಟ್ಟ ಹೆಸರಾ?"

"ಭಾಳ ಚೊಲೋ ಹೆಸರ ಐತ್ರಿ ಅತ್ತಿ. ನಂದಲ್ಲ, ಅಷ್ಟಽ."

"ನನಗ ಇಟ್ಟಾಗ ನನ್ನ ಯಾರೂ ಕೇಳಲಿಲ್ಲ."

"ನೀವು ಹೇಳಾಕ ಹೋಗಲಿಲ್ರಿ?"

"ಹೆಂಗ ಹೇಳಬೇಕಂತ ಗೊತ್ತಿರಲಿಲ್ಲವಾ." ಅತ್ತೆ ದೀಪವನ್ನೇ ನೋಡುತ್ತಿದ್ದರು. ರಾಜಲಕ್ಷ್ಮಿಯವರ ಕೈ ಚೌಕಟ್ಟಿನಿಂದ ತಾನಾಗಿ ಕೆಳಗಿಳಿದಿತ್ತು. ಅತ್ತೆ ಆರತಿ ಎತ್ತಿ ಮೂರು ಸುತ್ತು ಇಳಿಸಿದರು. ಆಮೇಲೆ, ದಿನಾ ಕರೆದು ರೂಢಿ ಇದ್ದವರ ಹಾಗೆ, ಅಂದರು:

"ಕಸ್ತೂರಿ, ಬಲಗಾಲ ಮುಂದಿಟ್ಟು ಬಾ. ಮಂದಿ ಹಸದಾರ."

"ಶಿವಾನಂದ" ಎಂದಳು ಅಕ್ಕ. ಸೇರು ಒದ್ದಳು. ಅಕ್ಕಿ ಪಡಸಾಲೆಯ ತುಂಬ ಚೆಲ್ಲಿತು.

ತಟ್ಟೆಯ ಶಾಸ್ತ್ರವನ್ನು ಬಿಡಲಿಲ್ಲ. ಶಿವಾನಂದ ಉಂಗುರ ಹಿಡಿದು, ನಟ್ಟು ಬೋಲ್ಟು ತಿರುಗಿಸಿದಂತೆ ಗಟ್ಟಿಯಾಗಿ ಒತ್ತಿ, 'ಕಸ್ತೂರಿ' ಎಂದೇ ಬರೆದರು. ಅವಳ ಮಾವ ಬಗ್ಗಿ ನೋಡಿ, "ಇದ್ದ ಹೆಸರನ್ನ ಬರಿಯಾಕ ಇಷ್ಟ ಅಕ್ಕಿ ಯಾಕ ಬೇಕಿತ್ತು?" ಎಂದು ಯಾರಿಗೂ ಅಲ್ಲದೆ ಕೇಳಿದರು. ಅಷ್ಟರಲ್ಲಿ ಪಂಕ್ತಿ ಕೂತಾಗಿತ್ತು.

ಊಟ ನಡೆಯುತ್ತಿರುವಾಗ ಅಕ್ಕ ಎರಡು ಹಾಡು ಹಾಡಿದಳು, ನಾನು ಆ ಟ್ರ್ಯಾಕ್ಟರಿನ ಸದ್ದು, ಈ ಪುಢಾರಿಯ ಭಾಷಣ ಎಂದು ನನ್ನ ಬಾಡಿಗೆದಾರರನ್ನೆಲ್ಲ ಹೊರಗೆ ಕರೆದೆ. ಬೀಗರ ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮೈಕಿನಲ್ಲಿ ಒಡಪು ಹೇಳಿ ಗಂಡನ ಹೆಸರು ಹಾಕಿ ನಾಚಿ ಓಡಿದರು. ಎಲ್ಲ ಮುಗಿಯುತ್ತ ಬಂದಾಗ, ಗಂಡಸರ ಪಂಕ್ತಿಯ ಹತ್ತಿರ ಬಡಿಸುತ್ತಿದ್ದ ಅತ್ತೆ ಹುಗ್ಗಿಯ ತಟ್ಟೆ ಕೈಯಲ್ಲೇ ಹಿಡಿದು ನನ್ನ ಬಳಿ ಬಂದರು.

"ತಮ್ಮಾ, ನಾನೂ ಒಂದ ಹಾಡತೀನಿ. ಬೀಸೂ ಕಲ್ಲಿನ ಪದ. ಸಣ್ಣಾಕಿ ಇದ್ದಾಗ ಕಲ್ತದ್ದು."

"ಬರ್ರಿ ಅತ್ತಿ, ಈಗ ಕೂಗತೀನಿ, ಶ್ರೀಮತಿ ರಾಜೇಶ್ವರಿ..."

"ತಡಿ." ಅತ್ತ ಇತ್ತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ಒಂದು ಹೆಸರು ಹೇಳಿದರು. "ಹಂಗಂತ ಕೂಗು. ದೊಡ್ಡ ಗಾಯಕಿಗೆ ಕೂಗತೀಯಲ್ಲ, ಹಂಗ." ಹೇಳಿ, ಏನೂ ಆಗದವರಂತೆ ಪಂಕ್ತಿಗೆ ವಾಪಸು ಹೋಗಿ ಗಂಡನ ಪಕ್ಕ ನಿಂತರು.

ನಾನು ಯಾರ ಧ್ವನಿಯನ್ನೂ ಹಾಕಲಿಲ್ಲ. ನನ್ನಲ್ಲಿ ಇದ್ದಷ್ಟು ನನ್ನದೇ ಧ್ವನಿಯಲ್ಲಿ ಹೇಳಿದೆ: "ಈಗ ನಮ್ಮ ಮುಂದ ಹಾಡಾಕ ಬರತಾರ, ಚಂಪಾವತಿ!"

ಅಂಗಳದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕನ ಮಾವನೂ ಕತ್ತು ಉದ್ದ ಮಾಡಿ, ಹೆಂಗಸರ ಪಂಕ್ತಿಯನ್ನೆಲ್ಲ ಹುಡುಕಿ, "ಯಾರಪಾ ಈಕಿ ಚಂಪಾವತಿ? ಬೀಗರ ಕಡೆಯಾಕಿ ಏನು?" ಎಂದರು.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ತಟ್ಟೆಯನ್ನು ಅವರ ಕೈಗಿಟ್ಟರು.

"ಇದನ್ನ ಒಂದೀಟು ಹಿಡೀರಿ. ಹಾಡಿ ಬರತೀನಿ."